ಹಳಿಗೂ ಬೇಕು ಬಿತ್ತುವಟ್ಟ

ಕನ್ನಡದ ಹಳೆಯ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆಯ ನೀರಿನಿಂದ ಬೆಳೆದ ಬೆಳೆಯಲ್ಲಿ ಒಂದು ಪಾಲನ್ನು ಆ ಕೆರೆಯನ್ನು ಕಟ್ಟಿಸಿದವನಿಗೆ, ಇಲ್ಲವೆ ಅದರ ಪಾಲನೆಗೆ, ಬಿಟ್ಟುಕೊಡುವ ಏರ್ಪಾಡು ಅದು. ಕೆರೆಯಿಂದ ಯಾರ ಹೊಲ ಗದ್ದೆಯಾಯಿತೋ ಅವರ ಕಣದಿಂದ ಕೆರೆಗೆ ಒಂದು ಪಾಲು ಸಲ್ಲಬೇಕು. ದಡದಲ್ಲಿ ಬೊಗಸೆ ನೀರು ಕುಡಿದು ಮುಂದೆ ನಡೆದ ದಾರಿಗನಿಗೆ ಆ ಲೆಕ್ಕವಿಲ್ಲ. ರೈಲಿನ ವಿಷಯ ಮಾತನಾಡಲು ಬಂದ ಕನ್ನಡ ಮೇಷ್ಟರು ಶಾಸನ ಓದತೊಡಗಿದರಲ್ಲ ಎಂದು ಕೇಳುಗರು ನಗಬಹುದು. ಆದರೆ ಸುತ್ತಿನ ಊರುಗಳಿಂದ ಬೆಂಗಳೂರಿಗೆ ದಿನವೂ ದುಡಿಯಲು ಬಂದುಹೋಗುವವರ ರೈಲಿಗೆ ಒದಗಿರುವ ಇಕ್ಕಟ್ಟನ್ನು ಯೋಚಿಸಿದಾಗಲೆಲ್ಲ ನನಗೆ ನೆನಪಾಗುವುದು ಈ ಶಬ್ದವೇ.

ನಾನೂ ಬಹುಕಾಲ ತುಮಕೂರಿನಿಂದ ಬೆಂಗಳೂರಿನ ಕಾಲೇಜಿಗೆ ತಿಂಗಳ ಪಾಸಿನಲ್ಲಿ ಓಡಾಡಿದವನು. ಪಾಸಿನವರದೇ ಒಂದು ಕುಲ. ಕಚೇರಿಯ ಗುಮಾಸ್ತರು, ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಕ್ಕಳು, ಆಸ್ಪತ್ರೆಯ ದಾದಿಯರು, ಬುಟ್ಟಿಯಲ್ಲಿ ಹೂವು ತರುವವರು – ಇವರಿಗೆ ಬೆಂಗಳೂರಿನಲ್ಲಿ ಕೆಲಸವುಂಟು, ಮನೆಯಿಲ್ಲ. ತುಮಕೂರು, ಬಂಗಾರಪೇಟೆ, ಮದ್ದೂರು, ಮಂಡ್ಯಗಳಲ್ಲಿ ಸಂಬಳಕ್ಕೆ ಎಟುಕುವ ಮನೆಯುಂಟು, ಕೆಲಸವಿಲ್ಲ. ಈ ಎರಡನ್ನೂ ಹೊಲಿದು ಕೂಡಿಸಿರುವ ದಾರ ರೈಲು. ಅದು ತಪ್ಪಿದರೆ ಇವರಿಗೆ ತಪ್ಪುವುದು ಒಂದು ಪ್ರಯಾಣವಲ್ಲ, ಒಂದು ದಿನದ ಗಳಿಕೆ.

ಜನ ಹೆಚ್ಚಿದರೆ ಇನ್ನೊಂದು ರೈಲು ಬಿಡಬಾರದೇ ಎಂಬುದು ಪಾಸಿನವರ ನಿತ್ಯದ ಪ್ರಶ್ನೆ. ಆದರೆ ರೈಲು ಬಸ್ಸಲ್ಲ. ಮುಂದಿನ ಹಳಿ ತೆರವಾಗದೆ ಹಿಂದಿನ ಗಾಡಿ ಹೊರಡುವಂತಿಲ್ಲ. ಒಂಟಿ ಹಳಿಯಾದರೆ ಎದುರಿನ ಗಾಡಿ ಬಂದು ಸೇರುವ ತನಕ ಕಾಯಬೇಕು. ತುಮಕೂರಿನ ಮಾರ್ಗ ಒಂಟಿ ಹಳಿಯದಾಗಿದ್ದ ಕಾಲದಲ್ಲಿ, ನಿಡವಂದದಲ್ಲೋ ಸೋಲದೇವನಹಳ್ಳಿಯಲ್ಲೋ ‘ಕ್ರಾಸಿಂಗ್’ ಎಂದು ನಿಂತ ಗಾಡಿಯಲ್ಲಿ ಎಷ್ಟೋ ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸಿದ್ದೇನೆ. ಹಳಿ ಜೋಡಿಯಾದ ಮೇಲೆ ಎದುರು ಗಾಡಿಗಾಗಿ ಕಾಯುವುದು ತಪ್ಪಿತು. ಹಿಂದಿನ ಗಾಡಿಗಾಗಿ ಕಾಯುವುದು ತಪ್ಪಲಿಲ್ಲ. ಊರೂರಿಗೆ ನಿಲ್ಲುವ ಗಾಡಿಯೂ ದೂರದ ಎಕ್ಸ್‌ಪ್ರೆಸ್ಸೂ ಒಂದೇ ಹಳಿಯನ್ನು ಹಂಚಿಕೊಂಡಾಗ ಪಕ್ಕಕ್ಕೆ ಸರಿದು ದಾರಿ ಬಿಡುವುದು ಬಹುಮಟ್ಟಿಗೆ ಸಣ್ಣ ಗಾಡಿಯೇ. ಕೊನೆಗೆ ನಗರದ ಹೊಸ್ತಿಲಿನಲ್ಲಿ, ಪ್ಲಾಟ್‌ಫಾರಂ ಖಾಲಿಯಿಲ್ಲವೆಂದು ‘ಔಟರಿ’ನಲ್ಲಿ ಮತ್ತೊಂದು ನಿಲುಗಡೆ.

ನಿಲ್ದಾಣ ಕಟ್ಟುವುದು ಸುಲಭ; ಹಳಿಯ ಮೇಲೆ ಗಾಡಿಗೆ ಎಡೆ ದೊರಕಿಸುವುದು ಕಷ್ಟ. 2021ರ ಜನವರಿಯಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣದ ಬಳಿ ರೈಲು ನಿಲ್ಲತೊಡಗಿದಾಗ ಎಲ್ಲರಿಗೂ ಸಂತೋಷವಾಯಿತು. ಆದರೆ ಆಗ ಆ ಮಾರ್ಗ ಒಂಟಿ ಹಳಿಯದು. ಓಡಿದ ಗಾಡಿಗಳು ಬೆರಳೆಣಿಕೆಯವು. ಇನ್ನೊಂದು ಹಳಿ ಹಾಕೋಣವೆಂದರೆ ಪ್ರತಿ ಮೊಳಕ್ಕೂ ಒಂದು ಅಡ್ಡಿ. ಬೆಂಗಳೂರು–ಮೈಸೂರು ಮಾರ್ಗವನ್ನು ಜೋಡಿಹಳಿಯಾಗಿಸುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದು ಅಡ್ಡವಾಯಿತು. 2017ರಲ್ಲಿ ಅದನ್ನು ಕೆಡವದೆ, ಇಡಿಯಾಗಿ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಮನಸ್ಸು ಮಾಡಿದರೆ ಕಟ್ಟಡವೂ ನಡೆದೀತು. ಆದರೆ ಅಂಥ ಮನಸ್ಸಿಗೆ ಹಣವೂ ಬೇಕು.

ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ಪ್ರಸ್ತಾಪ 1983ರಷ್ಟು ಹಿಂದಿನದು. ಕೇಂದ್ರ ಸಂಪುಟದ ಒಪ್ಪಿಗೆ ದೊರೆತದ್ದು 2020ರಲ್ಲಿ, ಶಂಕುಸ್ಥಾಪನೆಯಾದದ್ದು 2022ರ ಜೂನಿನಲ್ಲಿ. ನಾಲ್ಕು ಮಾರ್ಗ, 148 ಕಿಲೋಮೀಟರು, 15,767 ಕೋಟಿ ರೂಪಾಯಿಗಳ ಅಂದಾಜು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೆಸರಿಟ್ಟವರ ರಸಿಕತೆಯನ್ನು ಮೆಚ್ಚಬೇಕು. ವೆಚ್ಚದಲ್ಲಿ ಕೇಂದ್ರದ್ದು ನೂರಕ್ಕೆ 20, ರಾಜ್ಯದ್ದು 20, ಉಳಿದ 60 ಸಾಲ. 40 ತಿಂಗಳಲ್ಲಿ ಮುಗಿಸುವ ಮಾತು ಶಂಕುಸ್ಥಾಪನೆಯ ದಿನ ಕೇಳಿಬಂದಿತ್ತು. 2025ರಲ್ಲಿ ಆ ಅವಧಿ ಕಳೆಯಿತು. ಅದೇ ವರ್ಷ ಎರಡು ಮಾರ್ಗಗಳ ಗುತ್ತಿಗೆಯೂ ಮುರಿದುಬಿತ್ತು. ಕೆಲಸ ನಿಂತರೂ ಬೆಲೆಗಳು ನಿಲ್ಲುವುದಿಲ್ಲ. ಈ ಹೂಮಾಲೆಯ ತುದಿಗಳಾದರೋ ಚಿಕ್ಕಬಾಣಾವರ, ಕೆಂಗೇರಿ, ವೈಟ್‌ಫೀಲ್ಡ್, ದೇವನಹಳ್ಳಿಗಳಂಥ ಊರುಗಳಲ್ಲೇ ಮುಗಿಯುತ್ತವೆ. ತುಮಕೂರು, ಮಂಡ್ಯಗಳ ಪಾಸಿನವರು ಅದರ ಹೊರಗಿನವರು. ಆದರೂ ನಗರದೊಳಗಿನ ಗಾಡಿಗಳಿಗೆ ಪ್ರತ್ಯೇಕ ಹಳಿ ಬಂದರೆ, ಹಳೆಯ ಹಳಿಯಲ್ಲಿ ಇವರ ಗಾಡಿಗೂ ಉಸಿರಾಡಲು ಎಡೆ ದೊರೆತೀತು.

ಸಾಲ ತೀರಿಸುವವರು ಯಾರು? ಟಿಕೇಟು ಎಂಬುದು ಥಟ್ಟನೆ ಹೊಳೆಯುವ ಉತ್ತರ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಮೆಟ್ರೊ ತನ್ನ ಗರಿಷ್ಠ ದರವನ್ನು 60 ರೂಪಾಯಿಯಿಂದ 90ಕ್ಕೆ ಏರಿಸಿತು. ಮುಂದಿನ ದಿನಗಳಲ್ಲಿ ಪ್ರಯಾಣಿಕರ ಸಂಖ್ಯೆ ಇಳಿಯಿತೆಂದು ಪತ್ರಿಕೆಗಳು ಬರೆದವು. ರೈಲು ಬಿಟ್ಟವನು ಮನೆಯಲ್ಲಿ ಕೂರುವುದಿಲ್ಲ. ಸ್ಕೂಟರು ಹತ್ತಿ ರಸ್ತೆಗೆ ಬರುತ್ತಾನೆ, ರಸ್ತೆ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಕೂಲಿಯವನ ಜೇಬಿನಿಂದಲೇ ಹಳಿಯ ಬೆಲೆ ತೆಗೆಯುತ್ತೇವೆಂದರೆ ಹಳಿ ಯಾರಿಗಾಗಿ ಹಾಕಿದ್ದೋ ಅವರೇ ಅದರಿಂದ ದೂರವಾಗುತ್ತಾರೆ.

ಇಲ್ಲಿಯೇ ನನಗೆ ಬಿತ್ತುವಟ್ಟದ ನೆನಪು. ಪಾಸಿನವನು ದಡದ ದಾರಿಗ. ಗದ್ದೆಯವರು ಬೇರೆ ಇದ್ದಾರೆ: ನಿಲ್ದಾಣ ಬರುವುದೆಂಬ ಸುದ್ದಿಗೇ ನಿವೇಶನದ ಬೆಲೆ ಏರಿಸಿಕೊಂಡವರು, ಸುತ್ತಲೂ ಮಹಡಿಯ ಮೇಲೆ ಮಹಡಿ ಎತ್ತಿದವರು, ದೂರದೂರಿನ ಕೈಗಳಿಂದ ಕಡಮೆ ಸಂಬಳಕ್ಕೆ ಕೆಲಸ ಪಡೆಯುವ ಮಾಲೀಕರು. ಪ್ಯಾರಿಸ್ ಪ್ರಾಂತದಲ್ಲಿ 1971ರಿಂದಲೇ ಮಾಲೀಕರು ಕೊಡುವ ಸಂಬಳದ ಮೊತ್ತದ ಮೇಲೆ ಸಾರಿಗೆಗೆಂದು ಒಂದು ತೆರಿಗೆಯುಂಟು. ಹಾಂಗ್‌ಕಾಂಗಿನ ರೈಲು ಸಂಸ್ಥೆ ತನ್ನ ನಿಲ್ದಾಣಗಳ ಮೇಲೂ ಸುತ್ತಲೂ ಕಟ್ಟಡಗಳನ್ನು ಎಬ್ಬಿಸಿ ಆ ಆದಾಯದಿಂದ ಹಳಿ ಹಾಕುತ್ತದೆ. ನಮ್ಮ ಕೇಂದ್ರ ಸರ್ಕಾರದ 2017ರ ಮೆಟ್ರೊ ನೀತಿಯೂ ಏರಿದ ಭೂಮಿಯ ಬೆಲೆಯಲ್ಲಿ ಪಾಲು ಪಡೆಯಬೇಕೆಂದೇ ಹೇಳಿದೆ. ಹೊರಗಿನಿಂದ ಬಂದ ಹೊಸ ವಿದ್ಯೆಯೆಂದು ಇದನ್ನು ನೋಡಬೇಕಿಲ್ಲ. ನಮ್ಮ ಕೆರೆಯ ಏರಿಯ ಕಲ್ಲುಗಳ ಮೇಲೆಯೇ ಇದರ ತತ್ತ್ವವನ್ನು ಕೊರೆದಿಟ್ಟಿದ್ದಾರೆ.

ಭೂಮಿಯವರು ಈಗಲೂ ಮುದ್ರಾಂಕ ಶುಲ್ಕ, ಕಂದಾಯ ಕೊಡುತ್ತಿಲ್ಲವೇ ಎಂಬ ಆಕ್ಷೇಪವುಂಟು. ಕೊಡುತ್ತಾರೆ, ಆದರೆ ಆ ಹಣ ಹೋಗಿ ಬೀಳುವ ಹಗೇವು ಬೇರೆ, ಹಳಿಯ ಹಗೇವು ಬೇರೆ. ನಿಲ್ದಾಣದ ಪಕ್ಕದ ಹಂಚಿನ ಮನೆಯ ಮುದುಕಿಯ ಮೇಲೂ ಈ ಭಾರ ಬಿದ್ದೀತೆಂಬ ಭಯವೂ ಉಂಟು. ಅದು ನ್ಯಾಯವಾದ ಭಯ. ತಾನು ವಾಸವಿರುವ ಪುಟ್ಟ ಮನೆಯನ್ನು ಬಿಟ್ಟು, ದೊಡ್ಡ ಕಟ್ಟಡಗಳಿಂದ ಮಾತ್ರ ವಸೂಲು ಮಾಡಲು ಬಹಳ ಜಾಣತನವೇನೂ ಬೇಕಿಲ್ಲ. ಅಗತ್ಯವಾದುದು ಒಂದೇ: ಹೀಗೆ ಬಂದ ಪಾಲು ಹಳಿಗೇ ಸಲ್ಲಬೇಕು, ಬೇರೆ ತೂಬಿನಲ್ಲಿ ಹರಿದುಹೋಗಬಾರದು.

ಕೇಂದ್ರವೂ ರಾಜ್ಯವೂ ತಮ್ಮ ತಮ್ಮ ಪಾಲನ್ನು ಕೊಡಲೇಬೇಕು; ಅದರಲ್ಲಿ ವಿವಾದವಿಲ್ಲ. ಆದರೆ ಮೂರನೆಯ ಪಾಲಿನವನನ್ನು ಮರೆತು ಇವರಿಬ್ಬರೇ ಪತ್ರ ಬರೆದುಕೊಳ್ಳುತ್ತಿರುವಷ್ಟು ಕಾಲವೂ ಬೆಳಗಿನ ಗಾಡಿಯ ಬಾಗಿಲಲ್ಲಿ ಜೋತುಬಿದ್ದವರ ಕೈ ಸೋಲುತ್ತಲೇ ಇರುತ್ತದೆ.