ಮೇಸ್ತ್ರಿ ಬಿಟ್ಟುಹೋದ ಸಾಮಗ್ರಿ: ಮನೆಯವರ ಹೊಣೆ, ಸದಸ್ಯರ ಪಾತ್ರ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ವಸತಿ ಯೋಜನೆಗಳಲ್ಲಿ ಸಹಾಯಧನವು ಫಲಾನುಭವಿಯ ಖಾತೆಗೇ ಜಮೆಯಾಗುತ್ತದೆ. ಮನೆ ಕಟ್ಟಿಸಿಕೊಳ್ಳುವ ಹೊಣೆಯೂ ಅವರದೇ. ಗಾರೆ ಕೆಲಸ ತಿಳಿಯದ ಕುಟುಂಬಗಳು ಮೇಸ್ತ್ರಿಯೊಬ್ಬರೊಡನೆ ಬಾಯಿಮಾತಿನಲ್ಲಿ ಒಪ್ಪಂದ ಮಾಡಿಕೊಳ್ಳುವುದು ರೂಢಿ. ಛಾವಣಿಗೆ ಕಾಂಕ್ರೀಟ್ ಹಾಕಿದ ಮೇಲೆ ಮೇಸ್ತ್ರಿಯು ಬೇರೆ ಊರಿನ ಕೆಲಸ ಹಿಡಿದು ಹೊರಟುಹೋಗುವುದುಂಟು. ಸೆಂಟ್ರಿಂಗ್ ಶೀಟು, ಜಾಕಿ, ಸರ್ವೆ ಕಂಬ, ಹಲಗೆ, ಕೆಲವೊಮ್ಮೆ ಮಿಕ್ಸರ್ ಯಂತ್ರವೂ ಅಲ್ಲಿಯೇ ಉಳಿಯುತ್ತವೆ. ಫೋನು ಮಾಡಿದರೆ ಉತ್ತರವಿಲ್ಲ. ಒಳಗೆ ಕಂಬಗಳಿರುವವರೆಗೆ ಗಿಲಾವು ಆಗದು, ನೆಲವೂ ಆಗದು. ಕುಟುಂಬವು ಮಳೆಗಾಲವನ್ನು ತಗಡಿನ ಶೆಡ್ಡಿನಲ್ಲಿಯೇ ಕಳೆಯಬೇಕಾಗುತ್ತದೆ. ಇಂತಹ ಸಂದರ್ಭದಲ್ಲಿ ಅವರು ಮೊದಲು ಬರುವುದು ವಾರ್ಡಿನ ಸದಸ್ಯರ ಮನೆಗೆ.

ಮೊದಲು ಛಾವಣಿಯ ಸುರಕ್ಷತೆ

ಬೇಸತ್ತ ಮನೆಯವರು ತಾವೇ ಕಂಬಗಳನ್ನು ಕಿತ್ತುಹಾಕುವುದು ಅತ್ಯಂತ ಅಪಾಯಕರ. ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ, ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿ, ಸರಿಯಾಗಿ ನೀರುಣಿಸಿ, ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಿದ್ದರೆ, 4.5 ಮೀಟರ್‌ವರೆಗಿನ ಅಂತರದ ಸ್ಲ್ಯಾಬಿನ ಕಂಬಗಳನ್ನು ಕನಿಷ್ಠ 7 ದಿನ, ಅದಕ್ಕಿಂತ ದೊಡ್ಡ ಸ್ಲ್ಯಾಬಿನವನ್ನು 14 ದಿನ ತೆಗೆಯಬಾರದು. ತೊಲೆಗಳ ಕೆಳಗಿನ ಕಂಬಗಳಿಗೆ 6 ಮೀಟರ್‌ವರೆಗೆ 14 ದಿನ, ಅದಕ್ಕೂ ಮೀರಿದರೆ 21 ದಿನ. ಪಿಪಿಸಿ ಸಿಮೆಂಟ್ ಆರಂಭದಲ್ಲಿ ನಿಧಾನವಾಗಿ ಬಲ ಪಡೆಯುವುದರಿಂದ ಇನ್ನಷ್ಟು ಕಾಲ ಬಿಡುವುದು ಲೇಸು. ಅವಧಿ ಮುಗಿದಿದ್ದರೂ ಬಿಚ್ಚುವ ಕೆಲಸವನ್ನು ಅನುಭವಿ ಸೆಂಟ್ರಿಂಗ್ ಕೆಲಸಗಾರರಿಂದ, ಇಂಜಿನಿಯರ್ ನೋಡಿದ ಬಳಿಕವೇ ಮಾಡಿಸತಕ್ಕದ್ದು. ಸಜ್ಜಾದಂತಹ ಚಾಚುಭಾಗಗಳಲ್ಲಿ ಹೊರತುದಿಯಿಂದ ಗೋಡೆಯ ಕಡೆಗೆ ಬಿಚ್ಚುತ್ತ ಬರಬೇಕು.

ಸಾಮಗ್ರಿ ಯಾರದು?

ಸಾಮಗ್ರಿ ಮೇಸ್ತ್ರಿಯದೇ ಎಂದು ಭಾವಿಸಬಾರದು. ಅನೇಕ ವೇಳೆ ಅದು ಬಾಡಿಗೆ ಅಂಗಡಿಯದಾಗಿದ್ದು, ದಿನದ ಲೆಕ್ಕದಲ್ಲಿ ಬಾಡಿಗೆ ಏರುತ್ತಿರುತ್ತದೆ. ಯಾರದೇ ಆಗಿರಲಿ, ಮನೆಯಲ್ಲಿ ಉಳಿದ ಮಾತ್ರಕ್ಕೆ ಅದು ಮನೆಯವರ ಸ್ವತ್ತಾಗದು. ಪರರ ವಸ್ತುವನ್ನು ವಶದಲ್ಲಿರಿಸಿಕೊಂಡವರು ಸಾಮಾನ್ಯ ವಿವೇಕಿಯು ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರ ವಹಿಸಬೇಕೆಂದು ಭಾರತೀಯ ಕರಾರು ಅಧಿನಿಯಮ, 1872ರ 151ನೆಯ ಪ್ರಕರಣ ವಿಧಿಸುತ್ತದೆ. ಅಷ್ಟು ಎಚ್ಚರ ವಹಿಸಿಯೂ ವಸ್ತು ಕಳೆದುಹೋದರೆ, ಬೇರೆ ಕರಾರು ಇಲ್ಲದಿರುವಲ್ಲಿ, ಅವರು ಹೊಣೆಗಾರರಲ್ಲವೆಂದು 152ನೆಯ ಪ್ರಕರಣ ಹೇಳುತ್ತದೆ.

“ಮುಂಗಡ ತಿಂದು ಹೋಗಿದ್ದಾನೆ, ಮಿಕ್ಸರ್ ಮಾರಿ ವಸೂಲು ಮಾಡುತ್ತೇವೆ” ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದು ಸಲ್ಲದು. ಆ ಅಧಿನಿಯಮದ 170 ಮತ್ತು 171ನೆಯ ಪ್ರಕರಣಗಳು ಹಕ್ಕುಬಾಕಿಗಾಗಿ ವಸ್ತುವನ್ನು ತಡೆದಿಡುವ ಅಧಿಕಾರವನ್ನು ಕೆಲವರಿಗೆ ಮಾತ್ರ ನೀಡಿವೆ. ಮನೆ ಕಟ್ಟಿಸುವವರು ಆ ಪಟ್ಟಿಯಲ್ಲಿಲ್ಲ. ಪರರ ಚರಸ್ವತ್ತನ್ನು ಅಪ್ರಾಮಾಣಿಕವಾಗಿ ಸ್ವಂತಕ್ಕೆ ಬಳಸಿಕೊಂಡರೆ ಭಾರತೀಯ ನ್ಯಾಯ ಸಂಹಿತೆ, 2023ರ 314ನೆಯ ಪ್ರಕರಣದಡಿ ಕನಿಷ್ಠ 6 ತಿಂಗಳಿಂದ 2 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದಾಗಿದೆ. ಮೋಸಹೋದ ಕುಟುಂಬವೇ ಆರೋಪಿ ಸ್ಥಾನದಲ್ಲಿ ನಿಲ್ಲುವಂತಾಗಬಾರದು.

ಅನುಸರಿಸಬೇಕಾದ ಕ್ರಮ

1. ಇಬ್ಬರು ಸಾಕ್ಷಿಗಳ ಸಮಕ್ಷಮದಲ್ಲಿ ಸಾಮಗ್ರಿಯ ಪಟ್ಟಿ ಬರೆದು, ಎಣಿಕೆ ಮತ್ತು ಸ್ಥಿತಿಯನ್ನು ನಮೂದಿಸಿ, ದಿನಾಂಕ ಕಾಣುವಂತೆ ಫೋಟೋ ತೆಗೆದಿರಿಸಬೇಕು.

2. ಬಿಚ್ಚಿದ ಸಾಮಗ್ರಿಯನ್ನು ಮಳೆ ತಾಗದ, ಬೀಗ ಹಾಕಬಹುದಾದ ಜಾಗದಲ್ಲಿ ಜೋಡಿಸಬೇಕು. ಬಿಚ್ಚಿದ ಮತ್ತು ಸಾಗಿಸಿದ ಖರ್ಚಿನ ರಸೀದಿಗಳನ್ನು ಇಟ್ಟುಕೊಳ್ಳಬೇಕು.

3. ಮೇಸ್ತ್ರಿಗೆ ಸ್ಪೀಡ್ ಪೋಸ್ಟ್ ಮೂಲಕ ಹಾಗೂ ವಾಟ್ಸ್‌ಆ್ಯಪ್‌ನಲ್ಲಿ ಲಿಖಿತ ತಿಳಿವಳಿಕೆ ನೀಡಬೇಕು. ಸಾಮಗ್ರಿಯ ವಿವರ, ಅದಿರುವ ಸ್ಥಳ, ಒಯ್ಯಬೇಕಾದ ಗಡುವು ಅದರಲ್ಲಿರಬೇಕು. ಹದಿನೈದು ದಿನಗಳ ಕಾಲಾವಕಾಶ ನೀಡುವುದು ಸಮಂಜಸ.

4. ಬಾಡಿಗೆ ಅಂಗಡಿಯವರು ಬಂದರೆ ಬಾಡಿಗೆ ಚೀಟಿ ನೋಡಿ, ಮೇಸ್ತ್ರಿಯ ಲಿಖಿತ ಒಪ್ಪಿಗೆ ಪಡೆದು, ಸಹಿ ಮಾಡಿಸಿಕೊಂಡೇ ಒಪ್ಪಿಸಬೇಕು. ವಸ್ತು ಕೊಟ್ಟವನ ಸೂಚನೆಯಂತೆ ಸದ್ಭಾವನೆಯಿಂದ ಒಪ್ಪಿಸಿದವರಿಗೆ 166ನೆಯ ಪ್ರಕರಣ ರಕ್ಷಣೆ ನೀಡುತ್ತದೆ.

5. ಯಾರೂ ಬಾರದಿದ್ದರೆ ಪೊಲೀಸ್ ಠಾಣೆಗೆ ಪಟ್ಟಿಯ ಸಹಿತ ಲಿಖಿತ ಮಾಹಿತಿ ನೀಡಿ ಹಿಂಬರಹ ಪಡೆಯಬೇಕು. ಕಾನೂನು ಸಲಹೆಯಿಲ್ಲದೆ ಮಾರಾಟಕ್ಕೆ ಕೈಹಾಕಬಾರದು.

ಹಣದ ವ್ಯಾಜ್ಯ ಬೇರೆ

ಅಪೂರ್ಣ ಕೆಲಸಕ್ಕೆ ಪರಿಹಾರದ ದಾರಿ ಬೇರೆಯಿದೆ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಲ್ಲಿ ಮನೆ ನಿರ್ಮಾಣವೂ ‘ಸೇವೆ’ಯೇ ಆಗಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಕಾಲಮಿತಿ 2 ವರ್ಷ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರಡಿ ಉಚಿತ ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನಾಗಲಿ, 15100 ಸಹಾಯವಾಣಿಯನ್ನಾಗಲಿ ಸಂಪರ್ಕಿಸಬಹುದು.

ಮೇಸ್ತ್ರಿಯ ಪಾಲಿನ ಮಾತನ್ನೂ ಕೇಳತಕ್ಕದ್ದು. ಸಹಾಯಧನದ ಕಂತು ತಡವಾಗಿ, ಕೂಲಿ ಬಟವಾಡೆ ಮಾಡಲಾಗದೆ ಊರು ಬಿಟ್ಟವರೂ ಇದ್ದಾರೆ. ಬಾಕಿಯ ಜಗಳಕ್ಕಾಗಿ ಅವರ ಮಿಕ್ಸರಿಗೆ ಬೀಗ ಜಡಿದರೆ ಅವರ ಅನ್ನಕ್ಕೇ ಕಲ್ಲು ಹಾಕಿದಂತಾಗುತ್ತದೆ. ಸಾಲ ತೀರಿಸುವ ದಾರಿಯೂ ಮುಚ್ಚುತ್ತದೆ.

ಸದಸ್ಯರು ಮಾಡಬೇಕಾದುದು

ಗ್ರಾಮ ಪಂಚಾಯಿತಿಯು ಇಂತಹ ವ್ಯಾಜ್ಯದಲ್ಲಿ ನ್ಯಾಯಾಲಯವಲ್ಲ. ಸಾಮಗ್ರಿಯನ್ನು ಜಪ್ತಿ ಮಾಡಿ ಒಬ್ಬರಿಗೆ ಕೊಡಿಸುವ ಅಧಿಕಾರ ಸದಸ್ಯರಿಗಿಲ್ಲ. ಉಭಯ ಪಕ್ಷದವರನ್ನು ಕೂರಿಸಿ ಮಾತನಾಡಿಸಬಹುದು, ಪಟ್ಟಿಗೆ ಸಾಕ್ಷಿಯಾಗಬಹುದು. ಸಾಮಗ್ರಿಯು ಸಾರ್ವಜನಿಕ ರಸ್ತೆಗೆ ಅಡ್ಡವಾಗಿದ್ದರೆ ಮಾತ್ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಡಿ ಅಡಚಣೆ ತೆರವುಗೊಳಿಸಲು ಪಂಚಾಯಿತಿ ಕ್ರಮ ಕೈಗೊಳ್ಳಬಹುದು.

ಎಲ್ಲಕ್ಕಿಂತ ಮಿಗಿಲಾದುದು ಮುನ್ನೆಚ್ಚರಿಕೆ. ಕಾರ್ಯಾದೇಶ ವಿತರಿಸುವ ದಿನವೇ ಪ್ರತಿ ಫಲಾನುಭವಿಗೂ ಒಂದು ಪುಟದ ಕರಾರು ಬರೆಸಿಕೊಳ್ಳುವಂತೆ ತಿಳಿಹೇಳಬೇಕು. ಮೇಸ್ತ್ರಿಯ ಹೆಸರು, ಖಾಯಂ ವಿಳಾಸ, ಸಾಮಗ್ರಿಯ ಮಾಲೀಕರು ಯಾರು, ಬಾಡಿಗೆ ಯಾರು ಕೊಡಬೇಕು, ಕಂಬ ಬಿಚ್ಚಿ ಒಯ್ಯುವ ದಿನಾಂಕ ಯಾವುದು ಎಂಬಿಷ್ಟು ಅದರಲ್ಲಿರಲಿ. ಕೂಲಿಯ ಕೊನೆಯ ಭಾಗವನ್ನು ಸಾಮಗ್ರಿ ಒಯ್ದು ಅಂಗಳ ಚೊಕ್ಕಟ ಮಾಡಿದ ಮೇಲೆ ಕೊಡುವುದೆಂದು ಬರೆದಿರಲಿ. ಈ ವಿಷಯವನ್ನು ಮುಂದಿನ ವಾರ್ಡ್ ಸಭೆಯಲ್ಲಿ ಓದಿ ಹೇಳಲು ಸದಸ್ಯರೆಲ್ಲರಲ್ಲಿ ವಿನಂತಿ.