ಕಾವಲುಗಾರ ಮತ್ತು ದುಭಾಷಿ



ಲಿನಕ್ಸ್‌ನಲ್ಲಿ ಪ್ರತಿಯೊಂದು ಕಡತಕ್ಕೂ ಮೂರು ಬಗೆಯ ಅನುಮತಿಗಳಿವೆ: ಓದುವುದು, ಬರೆಯುವುದು, ನಡೆಸುವುದು. ನಡೆಸುವ ಅನುಮತಿ ಇಲ್ಲದ ಪ್ರೋಗ್ರಾಮನ್ನು ಕರ್ನಲ್ ಎಂಬ ಕಾವಲುಗಾರ ಬಾಗಿಲಲ್ಲೇ ತಡೆಯುತ್ತಾನೆ.

ಸ್ಕ್ರಿಪ್ಟಿನ ವಿಷಯ ಬೇರೆ. ಅದು ಬರೀ ಅಕ್ಷರಗಳ ಕಡತ. ಪೈಥಾನ್‌ನಂತಹ ದುಭಾಷಿ ಅದನ್ನು ಓದಿ, ಅದರಲ್ಲಿರುವಂತೆ ಕೆಲಸ ಮಾಡುತ್ತದೆ. ಕಾವಲುಗಾರನು ದುಭಾಷಿಯನ್ನು ಪರೀಕ್ಷಿಸಿ ಒಳಗೆ ಬಿಡುತ್ತಾನೆ. ಅವನ ಕೈಯಲ್ಲಿರುವ ಕಾಗದವನ್ನು ಕೇವಲ ಓದುವ ಕಾಗದವೆಂದು ತಿಳಿಯುತ್ತಾನೆ. ಕೇಡಿನ ಆಜ್ಞೆಗಳು ನುಸುಳುವುದು ಇಲ್ಲಿಯೇ.

ಇದನ್ನು ಮುಚ್ಚಲು 2018ರಲ್ಲಿ ಮಿಕಾಯೆಲ್ ಸಲಾಉನ್ 'ಒ_ಮೇಎಕ್ಸೆಕ್' ಎಂಬ ಫ್ಲ್ಯಾಗ್ ಸೂಚಿಸಿದರು. ವರ್ಷಗಟ್ಟಲೆ ಚರ್ಚೆ, ತಿದ್ದುಪಡಿ ನಡೆದವು. ಕೊನೆಗೆ 2025ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 6.14ರಲ್ಲಿ 'ಎಟಿ_ಎಕ್ಸೆಕ್‌ವಿಇ_ಚೆಕ್' ಸೇರಿತು. ಈಗ ದುಭಾಷಿಯು, "ಈ ಕಡತವನ್ನು ನಡೆಸಬಹುದೇ?" ಎಂದು ಮೊದಲು ಕೇಳಬಹುದು. ಕರ್ನಲ್ ಅದನ್ನು ನಡೆಸದೆ, ಪರೀಕ್ಷಿಸಿ ಉತ್ತರ ಕೊಡುತ್ತದೆ. ಜೊತೆಗೆ ಎರಡು ಸೂಚನಾ ಬಿಟ್‌ಗಳಿವೆ: ಅನುಮತಿಯಿಲ್ಲದ ಕಡತವನ್ನು ನಿರಾಕರಿಸು ಎನ್ನುವುದು ಒಂದು, ನೇರವಾಗಿ ಟೈಪ್ ಮಾಡಿದ ಆಜ್ಞೆಗಳನ್ನು ಸ್ವೀಕರಿಸಬೇಡ ಎನ್ನುವುದು ಇನ್ನೊಂದು.

ಆದರೆ ನೆನಪಿಡಿ: ಕೇಳುವ ಹೊಣೆ ದುಭಾಷಿಯದೇ. ಕೇಳದ ಒಂದೇ ಒಂದು ದುಭಾಷಿ ಯಂತ್ರದಲ್ಲಿ ಉಳಿದರೂ ಹಿತ್ತಿಲ ಬಾಗಿಲು ತೆರೆದಂತೆಯೇ. ಆದ್ದರಿಂದ ಕರ್ನಲ್ ಬರೆಯುವವರಷ್ಟೇ ಭಾಷಾ ತಂತ್ರಾಂಶ ಬರೆಯುವವರೂ ಎಚ್ಚರವಾಗಿರಬೇಕು.

ವಿದ್ಯಾರ್ಥಿಗಳೇ, ನಡೆಸುವ ಅನುಮತಿ ತೆಗೆದ ಪುಟ್ಟ ಸ್ಕ್ರಿಪ್ಟ್ ಒಂದನ್ನು ನಿಮ್ಮ ಲ್ಯಾಬ್‌ನಲ್ಲಿ ಎರಡೂ ರೀತಿ ನಡೆಸಿ ನೋಡಿ. ನೇರವಾಗಿ ಕರೆದಾಗ ಏನಾಯಿತು, ದುಭಾಷಿಯ ಮೂಲಕ ಕರೆದಾಗ ಏನಾಯಿತು ಎಂದು ಬರೆದಿಡಿ. ನಾಳೆ ಅಂಥದೊಂದು ದುಭಾಷಿಯನ್ನು ನೀವೇ ಬರೆಯುವಾಗ, ಆ ಪ್ರಶ್ನೆ ಕೇಳುವುದನ್ನು ಮರೆಯಬೇಡಿ.