ಕೊಂಡ ಮನೆಯ ಕೊಳಾಯಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ‘ಕಟ್ಟಿದ ಮನೆಯನ್ನು ಕೊಂಡು ನೋಡು’ ಎಂಬ ಮೂರನೆಯ ಮಾತನ್ನು ಅವರೇಕೆ ಸೇರಿಸಲಿಲ್ಲವೋ ತಿಳಿಯದು. ಪ್ರಾಯಶಃ ಅವರ ಕಾಲದ ಮನೆಗಳಲ್ಲಿ ಕೊಳಾಯಿ ಇರಲಿಲ್ಲ. ಬಾವಿಯಿತ್ತು, ಹಗ್ಗವಿತ್ತು, ಕೊಡವಿತ್ತು. ಹಗ್ಗ ಸವೆದರೆ ಕಣ್ಣಿಗೆ ಕಾಣುತ್ತಿತ್ತು. ಗೋಡೆಯೊಳಗಿನ ಕೊಳವೆ ಸವೆದದ್ದು ಮಾತ್ರ ಗೋಡೆ ಪಾಚಿ ಕಟ್ಟುವವರೆಗೆ ಕಾಣುವುದಿಲ್ಲ.

ನಾನು ತುಮಕೂರಿನಲ್ಲಿ ಪ್ರೌಢಶಾಲೆಯ ಕನ್ನಡ ಉಪಾಧ್ಯಾಯ. ಇಪ್ಪತ್ತೆಂಟು ವರ್ಷ ಬಾಡಿಗೆಯ ಮನೆಗಳಲ್ಲಿ ಕಳೆದು, ಹೋದ ವರ್ಷ ಒಂದು ಹಳೆಯ ಮನೆಯನ್ನು ಕೊಂಡೆ. ಕ್ರಯಪತ್ರವನ್ನು ಮೂರು ಸಲ ಓದಿದೆ. ಕಂದಾಯದ ರಸೀದಿಗಳನ್ನು ಜೋಡಿಸಿದೆ. ಋಣಭಾರದ ಪ್ರಮಾಣಪತ್ರ ತೆಗೆಸಿದೆ. ಆದರೆ ಒಂದು ನಲ್ಲಿಯನ್ನೂ ತಿರುಗಿಸಿ ನೋಡಲಿಲ್ಲ! ಕಾಗದದ ಮೇಲೆ ಆ ಮನೆಗೆ ಯಾವ ದೋಷವೂ ಇರಲಿಲ್ಲ.

ಕೊಳವೆ, ಕೊಳಾಯಿ, ಕೊಳಲು ಇವೆಲ್ಲ ಒಂದೇ ಬಳಗದ ಶಬ್ದಗಳು. ವ್ಯತ್ಯಾಸವೆಂದರೆ, ಕೊಳಲಿಗೆ ರಂಧ್ರಗಳಿಂದ ಬೆಲೆ ಬರುತ್ತದೆ, ಕೊಳಾಯಿಗೆ ರಂಧ್ರಗಳಿಂದ ಬೆಲೆ ಹೋಗುತ್ತದೆ. ಇನ್ನೊಂದು ಮಾತು: ಕೊಳಾಯಿ ಕೆಡುವುದು ಬಹುಮಟ್ಟಿಗೆ ಎರಡು ತುಂಡುಗಳು ಸೇರುವ ಕಡೆ, ಎಂದರೆ ಸಂಧಿಯಲ್ಲಿ. ಕನ್ನಡ ಸಂಧಿಗಳು ಮೂರು, ಲೋಪ, ಆಗಮ, ಆದೇಶ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು. ಮೂರನ್ನೂ ನನ್ನ ಮನೆಯಲ್ಲಿಯೇ ಕಾಣಬೇಕಾಯಿತು.

ಮೊದಲು ಲೋಪ. ಅಡಿಗೆಮನೆಯಲ್ಲಿ ಸದಾ ಒಂದು ದುರ್ವಾಸನೆ. ಊದುಬತ್ತಿ ಹಚ್ಚಿದ್ದಾಯಿತು, ಫಿನಾಯಿಲು ಸುರಿದದ್ದಾಯಿತು. ಕೊನೆಗೆ ತೊಳೆಯುವ ತೊಟ್ಟಿಯ ಕೆಳಗೆ ಬಗ್ಗಿ ನೋಡಿದರೆ, ಕೊಳವೆ ನೇರವಾಗಿ ಚರಂಡಿಗಿಳಿದಿತ್ತು. ಅಲ್ಲಿರಬೇಕಾದ ಬಾಗು ಇರಲಿಲ್ಲ. ಆ ಬಾಗಿನಲ್ಲಿ ಸದಾ ಒಂದಿಷ್ಟು ನೀರು ನಿಂತಿರುತ್ತದೆ. ಚರಂಡಿಯ ಗಾಳಿ ಮೇಲೇರದಂತೆ ತಡೆಯುವುದು ಆ ನೀರೇ. ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ ಇಂಥ ಬಾಗಿರುವ ಶೌಚದ ಪಾತ್ರೆಗೆ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದದ್ದು ೧೭೭೫ರಲ್ಲಿ. ಅಂದಿನಿಂದ ಇಂದಿನವರೆಗೆ ಅದು ನಮ್ಮ ಅಡಿಗೆಮನೆಯನ್ನು ತಲಪಿರಲಿಲ್ಲ. ಒಂದು ಮುಂಜಾನೆಯ ಕೆಲಸದಲ್ಲಿ ವಾಸನೆ ನಿಂತಿತು.

ಎರಡನೆಯದು ಆಗಮ. ‘ಮನೆ’ ಮತ್ತು ‘ಅಲ್ಲಿ’ ಸೇರಿದಾಗ ನಡುವೆ ಯಕಾರ ಬಂದು ‘ಮನೆಯಲ್ಲಿ’ ಆಗುತ್ತದಷ್ಟೆ. ಬಚ್ಚಲಿನ ಹೊರಗೋಡೆಯ ಬುಡದಲ್ಲಿ ಎರಡು ಕಬ್ಬಿಣದ ಕೊಳವೆಗಳ ನಡುವೆ ಬಂದದ್ದು ಯಕಾರವಲ್ಲ, ಸೈಕಲ್ ಟ್ಯೂಬಿನ ಪಟ್ಟಿ. ಅದರ ಮೇಲೆ ಸಿಮೆಂಟು, ಸಿಮೆಂಟಿನ ಮೇಲೆ ಸುಣ್ಣ. ಕಬ್ಬಿಣದ ಕೊಳವೆಗೆ ಸತುವಿನ ಲೇಪವಿದ್ದರೂ, ತಿರುಪು ಕೊರೆದ ಕಡೆ ಅದು ಹೋಗಿರುತ್ತದೆ. ತುಕ್ಕು ಮೊದಲು ಹಿಡಿಯುವುದು ಅಲ್ಲಿಯೇ. ನೀರು ಸೋರುತ್ತಿದೆಯೆ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದುಂಟು. ರಾತ್ರಿ ಮಲಗುವಾಗ ಎಲ್ಲ ನಲ್ಲಿಗಳನ್ನೂ ಭದ್ರವಾಗಿ ನಿಲ್ಲಿಸಿ ಮೀಟರಿನ ಅಂಕೆ ಬರೆದಿಡಿ. ಬೆಳಗ್ಗೆ ಮತ್ತೆ ನೋಡಿ. ತೊಟ್ಟಿಯೂ ತುಂಬಿಕೊಳ್ಳದೆ, ಯಾರೂ ನೀರು ಮುಟ್ಟದೆ ಅಂಕೆ ಮುಂದೆ ಸರಿದಿದ್ದರೆ, ನೀರು ಎಲ್ಲಿಗೋ ಹೋಗುತ್ತಿದೆ. ಹನಿಯಲ್ಲವೆ ಎಂದು ಉದಾಸೀನ ಮಾಡಬೇಡಿ. ಸುಮಾರು ೨೦ ಹನಿ ಒಂದು ಮಿಲಿಲೀಟರು. ಕ್ಷಣಕ್ಕೊಂದು ಹನಿಯಂತೆ ದಿನಕ್ಕೆ ೪ ಲೀಟರಿಗೂ ಹೆಚ್ಚು, ವರ್ಷಕ್ಕೆ ೧೫೦೦ ಲೀಟರಿಗೂ ಹೆಚ್ಚು. ಹೇಮಾವತಿಯ ನೀರಿಗಾಗಿ ಕಾದು ಕುಳಿತುಕೊಳ್ಳುವ ಊರಿನವರಿಗೆ ಇದು ಸಣ್ಣ ಲೆಕ್ಕವಲ್ಲ.

ಇಷ್ಟರಲ್ಲಿ ಹಿಂದಿನ ಯಜಮಾನರನ್ನು ಬೈಯುವುದು ನನಗೆ ನಿತ್ಯಕರ್ಮವಾಗಿತ್ತು. ನಾನೇ ಮುಂದೆ ನಿಂತು, ಅಂಗಳದಿಂದ ಗೋಡೆಯೇರುವ ಕೊಳೆತ ಕಬ್ಬಿಣವನ್ನು ತೆಗೆಸಿ ಪ್ಲಾಸ್ಟಿಕ್ಕಿನ ಕೊಳವೆ ಹಾಕಿಸಿದೆ. ಒಂದರ ಸ್ಥಾನದಲ್ಲಿ ಇನ್ನೊಂದು, ಮಳೆಕಾಲ ‘ಮಳೆಗಾಲ’ವಾದಂತೆ. ಇದು ಆದೇಶ. ಸೋರಿಕೆ ನಿಂತಿತು, ಗೋಡೆ ಒಣಗಿತು. ಮೇಷ್ಟರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಬಚ್ಚಲಿನ ಗೀಸರು ಹಿಂದಿನವರು ಬಿಟ್ಟುಹೋದದ್ದು. “ಏನೂಂದ್ರೆ, ಇದು ಗೊರಗೊರ ಅನ್ನುತ್ತೆ, ನೀರು ಕಾಯೋದೂ ನಿಧಾನ” ಎಂದು ನನ್ನ ಮನೆಯಾಕೆ ಎರಡು ಸಲ ಹೇಳಿದ್ದಳು. “ವಯಸ್ಸಾಗಿದೆ, ಕೆಮ್ಮುತ್ತದೆ ಬಿಡು” ಎಂದು ನಾನು ಹಾಸ್ಯ ಮಾಡಿದ್ದೆ. ಕೊಳವೆ ಬದಲಾಯಿಸಿದ ನಾಲ್ಕನೆಯ ದಿನ ಬೆಳಗ್ಗೆ ಬಚ್ಚಲಿನಿಂದ ಅವಳ ಕೂಗು ಕೇಳಿತು. ಒದ್ದೆ ನೆಲದ ಮೇಲೆ ನಿಂತು ನಲ್ಲಿ ಮುಟ್ಟಿದ್ದಳು. ಕೈ ಜುಮ್ಮೆಂದು ಹಿಂದಕ್ಕೆ ಎಸೆದಂತಾಗಿತ್ತು. ದೈವಕೃಪೆ, ನಲ್ಲಿಯನ್ನು ಹಿಡಿದಿರಲಿಲ್ಲ, ಬೆರಳು ತಾಕಿತ್ತು ಅಷ್ಟೆ. ನಾನು ಓಡಿಹೋಗಿ ಮೆಯಿನ್ ಸ್ವಿಚ್ಚು ಆರಿಸಿದೆ. ಆ ಹೊತ್ತಿನಲ್ಲಿ ನನ್ನ ಕೈಯೂ ನಡುಗುತ್ತಿತ್ತು.

ವಿದ್ಯುತ್ ಕೆಲಸ ಬಲ್ಲ ನನ್ನ ಹಳೆಯ ಶಿಷ್ಯನೊಬ್ಬ ಬಂದ. ಗೀಸರಿನ ಹಸುರು ತಂತಿಯನ್ನು ಹಿಡಿದು ಹೊರಟು, ಗೋಡೆಯ ಕಬ್ಬಿಣದ ಕೊಳವೆಗೆ ಅದನ್ನು ಬಿಗಿದಿದ್ದ ಜಾಗ ತೋರಿಸಿದ. ಹಿಂದಿನವರು ನೀರಿನ ಕೊಳವೆಯನ್ನೇ ಭೂಸಂಪರ್ಕವಾಗಿ ಬಳಸಿದ್ದರು. ಅಂಗಳದ ಕಡೆ ನೋಡಿ ಆತ ಕೇಳಿದ: “ಈ ಪೈಪು ಬದಲಾಯಿಸಿದ್ದು ಯಾರು, ಸಾರ್?”

ನಾನು ಉತ್ತರ ಕೊಡಲೇಬೇಕಾಯಿತು.

ವಿಷಯ ಇಷ್ಟು. ಕೊಳವೆಬಾವಿಯ ಗಡಸು ನೀರಿನ ಸುಣ್ಣ ಗೀಸರಿನ ಕಾಯಿಸುವ ಸುರುಳಿಯ ಮೇಲೆ ಗಟ್ಟಿಯಾಗಿ ಕಟ್ಟಿ, ಸುರುಳಿಯ ಕವಚ ಬಿರುಕು ಬಿಟ್ಟಿತ್ತು. ಗೊರಗೊರ ಸದ್ದು ಆ ಸುಣ್ಣದ್ದೇ. ಬಿರುಕಿನಿಂದ ಸೋರಿದ ವಿದ್ಯುತ್ತು ಅದುವರೆಗೆ ಕಬ್ಬಿಣದ ಕೊಳವೆಯ ಮೂಲಕ ಭೂಮಿ ಸೇರುತ್ತಿತ್ತು. ನಾನು ನಡುವೆ ಪ್ಲಾಸ್ಟಿಕ್ಕು ಹಾಕಿಸಿ ಆ ದಾರಿಯನ್ನು ಕಡಿದೆ. ಉಳಿದ ಕಬ್ಬಿಣವೂ ನಲ್ಲಿಯೂ ವಿದ್ಯುತ್ತನ್ನು ಹೊತ್ತು ನಿಂತವು. ಫ್ಯೂಸಾದರೂ ಹೋಗಬಾರದಿತ್ತೆ ಎಂದರೆ, ಅದು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ೧೬ ಆಂಪಿಯರಿನ ಫ್ಯೂಸಿಗೆ ಲೆಕ್ಕಕ್ಕೇ ಬಾರದ, ಅದರ ಐನೂರರಲ್ಲೊಂದು ಪಾಲಿನಷ್ಟು ವಿದ್ಯುತ್ತು ದೇಹಕ್ಕೆ ಅಪಾಯ ತರಬಲ್ಲದು. ಹಿಂದಿನವರು ಮಾಡಿದ್ದು ತಪ್ಪು. ನೀರಿನ ಕೊಳವೆಯನ್ನು ಭೂಸಂಪರ್ಕಕ್ಕೆ ನಂಬಲೇಬಾರದು. ಆದರೆ ಅವರ ತಪ್ಪು ಹೇಗೋ ನಡೆಯುತ್ತಿತ್ತು. ಅದನ್ನು ಪ್ರಾಣಾಂತಿಕ ಮಾಡಿದವನು, ಪೂರ್ತಿ ಓದದೆ ತಿದ್ದಲು ಹೊರಟ ನಾನು.

ಆ ವಾರವೇ ಅಂಗಳದಲ್ಲಿ ಬೇರೆ ಗುಂಡಿ ತೋಡಿಸಿ ಭೂಸಂಪರ್ಕ ಮಾಡಿಸಿದೆವು. ೩೦ ಮಿಲಿಆಂಪಿಯರಿನಷ್ಟು ವಿದ್ಯುತ್ತು ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುವ ಸ್ವಿಚ್ಚನ್ನು ಹಾಕಿಸಿದೆವು. ಅದರ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ ನೋಡುತ್ತೇನೆ. ಹಳೆಯ ಗೀಸರನ್ನು ಇಳಿಸಿದಾಗ ಇನ್ನೊಂದು ವಿಶೇಷ ಕಂಡಿತು: ಹನಿಯುತ್ತದೆಂದು ಅದರ ರಕ್ಷಾಕವಾಟದ ಬಾಯಿಗೆ ಬೆಣೆ ಹೊಡೆದಿದ್ದರು. ನೀರು ಕಾದರೆ ಹಿಗ್ಗುತ್ತದೆ. ೨೫ ಲೀಟರು ತಣ್ಣೀರು ಚೆನ್ನಾಗಿ ಕಾದಾಗ ಅರ್ಧ ಲೀಟರಿಗೂ ಮಿಕ್ಕಿ ಬೆಳೆಯುತ್ತದೆ. ಅದಕ್ಕೆ ಹೊರದಾರಿ ಬೇಕು. ಆ ಹನಿ ದೋಷವಲ್ಲ, ಗೀಸರಿನ ಉಸಿರು. ಹೊಸದನ್ನು ಐ.ಎಸ್.ಐ. ಮುದ್ರೆ ನೋಡಿ ತಂದೆವು; ಅದರ ಕವಾಟವನ್ನು ಯಾರೂ ಮುಟ್ಟುವಂತಿಲ್ಲ.

ಹಳೆಯ ಮನೆ ಕೊಳ್ಳುವ ತಮಗೆ ನನ್ನ ಬಿನ್ನಹವಿಷ್ಟೆ. ಪತ್ರಗಳನ್ನು ನೋಡುವಂತೆಯೇ ಕೊಳವೆ ತಂತಿಗಳನ್ನೂ ನೋಡಿ. ಒಂದನ್ನು ಬದಲಾಯಿಸುವ ಮುನ್ನ ಅದಕ್ಕೆ ಇನ್ನೇನು ಕಟ್ಟಿಕೊಂಡಿದೆಯೆಂದು ಬಲ್ಲವರಿಂದ ಪರೀಕ್ಷೆ ಮಾಡಿಸಿ. ಮನೆಯಾಕೆ ‘ಏನೋ ಸದ್ದಾಗುತ್ತದೆ’ ಎಂದರೆ ಹಾಸ್ಯ ಮಾಡಬೇಡಿ.

ಈಗ ನಮ್ಮ ಮೀಟರು ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಒಂದು ಹಾಳೆ ಅಂಟಿಸಿದ್ದೇನೆ. ಯಾವ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಲ್ಲಿ ಕಬ್ಬಿಣ, ಎಲ್ಲಿ ಪ್ಲಾಸ್ಟಿಕ್ಕು, ಭೂಸಂಪರ್ಕದ ಗುಂಡಿ ಯಾವುದು, ಎಲ್ಲವನ್ನೂ ದುಂಡಾದ ಅಕ್ಷರದಲ್ಲಿ ಬರೆದಿದ್ದೇನೆ. ನಮಗೆ ಅದು ಬಾಯಿಪಾಠವಾಗಿದೆ. ಅದಿರುವುದು ಮುಂದೆ ಬರುವವರಿಗಾಗಿ. ಒಂದು ದಿನ ನಾವೂ ಈ ಮನೆಗೆ ‘ಹಿಂದಿನವರು’ ಆಗುವವರೇ ತಾನೆ?